ತಪ್ಪಿದರೆ ಅದು ನನ್ನ ತಪ್ಪಾಗಬೇಕು

"ಅಪ್ಪಾ, ತಪ್ಪಿದ್ರೆ ಅದು ನನ್ನ ತಪ್ಪು ಅಂತ ಗೊತ್ತಾಗ್ಬೇಕು. ಅಂಥ ರೈಫಲ್ ಸಾಕು ನನಗೆ."

ಕಳೆದ ಭಾನುವಾರ ಅಕ್ಕನ ಮಗಳು ಹೀಗಂದಳು. ಇವತ್ತು ಶುಕ್ರವಾರ. ಬಸ್ಸಿನಲ್ಲಿ ಕೂತರೂ ಊಟಕ್ಕೆ ಕೂತರೂ ಅದೇ ಮಾತು ಕಿವಿಯಲ್ಲಿದೆ. ಪುಟ್ಟಿಗೆ ಇನ್ನೂ ಹದಿನೇಳು.

ಭಾವ ಶಿಡ್ಲಘಟ್ಟದ ಹತ್ತಿರ ರೇಷ್ಮೆ ಬೆಳೆಯುತ್ತಾರೆ. ಈ ಸಲ ಗೂಡಿಗೆ ಒಳ್ಳೆ ರೇಟು ಸಿಕ್ಕಿತು. ಅದರಲ್ಲಿ 45 ಸಾವಿರ ಬೇರೆ ತೆಗೆದಿಟ್ಟು, "ಇದು ನಿನ್ನ ರೈಫಲ್‌ಗೆ" ಅಂದರು. ಎನ್‌ಸಿಸಿ ಕ್ಯಾಂಪಿನಲ್ಲಿ ಹುಟ್ಟಿದ ಆಸೆ. ಒಂದೂವರೆ ವರ್ಷದಿಂದ ಶನಿವಾರ ಶನಿವಾರ ಬಸ್ಸು ಹತ್ತಿ ಬೆಂಗಳೂರಿನ ಶೂಟಿಂಗ್ ರೇಂಜಿಗೆ ಹೋಗಿ, ಅಲ್ಲಿನ ರೈಫಲ್‌ನಲ್ಲಿ ಕಲಿಯುತ್ತಿದ್ದಾಳೆ. "ಹೆಣ್ಣುಮಗಳಿಗೆ ಬಂದೂಕು ಯಾಕೆ?" ಅಂತ ಊರಲ್ಲಿ ಕೇಳಿದವರಿಗೆ ಭಾವ ಉತ್ತರವನ್ನೇ ಕೊಡಲಿಲ್ಲ. ಅವರ ಆ ಮೌನ ನನಗೆ ಬಹಳ ಇಷ್ಟ.

ಹೊರಡುವ ದಿನ ಭಾವನ ತಮ್ಮನ ಮಗ ಬಂದು, "ಅಕ್ಕಾ, ಸೆಮಿ ಆಟೋಮ್ಯಾಟಿಕ್ ತಗೋ, ಒಂದಾದ್ಮೇಲೆ ಒಂದು ಹೊಡೀಬಹುದು" ಅಂದ. ಒಳ್ಳೆ ಹುಡುಗ, ವಿಡಿಯೋ ಜಾಸ್ತಿ ನೋಡ್ತಾನೆ. ಪುಟ್ಟಿ ಅವನನ್ನು ಕೂರಿಸಿಕೊಂಡು ಹೇಳಿದಳು. ಅಂಥ ಬಂದೂಕು ನಮ್ಮ ದೇಶದಲ್ಲಿ ಸಾಮಾನ್ಯರು ಅಂಗಡಿಗೆ ಹೋಗಿ ತರುವಂಥದ್ದಲ್ಲ. ಸಿಕ್ಕರೂ ತಾನು ಕಲಿಯುತ್ತಿರುವ, 10 ಮೀಟರ್ ದೂರದ ಗುರಿಗೆ ಏರ್ ರೈಫಲ್‌ನಲ್ಲಿ ಹೊಡೆಯುವ ಆಟದಲ್ಲಿ ಅದಕ್ಕೆ ಜಾಗ ಇಲ್ಲ. ಅಲ್ಲಿ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಒಂದೊಂದೇ ಕೈಯಿಂದ ಹಾಕಬೇಕು, ಹೊಡೆಯಬೇಕು, ಮತ್ತೆ ಹಾಕಬೇಕು. 75 ನಿಮಿಷದಲ್ಲಿ 60 ಸಲ. ಇನ್ನು 4.5 ಮಿಲಿಮೀಟರ್ ಪೆಲೆಟ್ ಹಾರಿಸುವ, 20 ಜೌಲ್ ಶಕ್ತಿಯ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸೂ ಬೇಡ. ಹುಡುಗ ತಲೆಯಾಡಿಸಿದ.

ಬೆಂಗಳೂರಿನ ಅಂಗಡಿಯಲ್ಲಿ ಮೊದಲು ತೋರಿಸಿದ್ದು ಸ್ಪ್ರಿಂಗ್ ರೈಫಲ್. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವಂಥದ್ದು. "ಪವರ್ ನೋಡಿ ಸಾರ್, ಸೆಕೆಂಡಿಗೆ ಸಾವಿರ ಅಡಿ!" ಅಂದ ಮಾರುವವನು. ಬೆಲೆಯೂ ನಮ್ಮ ಕೈಗೆ ಎಟುಕುವಂತಿತ್ತು. ಭಾವನ ಮುಖ ಅರಳಿತು. ಆದರೆ ಈ ಆಟಕ್ಕೆ ವೇಗ ಯಾಕೆ ಬೇಕು? ಸ್ಪರ್ಧೆಗೆಂದೇ ಮಾಡಿದ, ಲಕ್ಷಗಟ್ಟಲೆ ಬೆಲೆಯ ಮ್ಯಾಚ್ ರೈಫಲ್‌ಗಳ ಪೆಲೆಟ್ ಸೆಕೆಂಡಿಗೆ 170 ಮೀಟರ್ ಆಸುಪಾಸಿನಲ್ಲಿ ಹೋಗುತ್ತದೆ. ಅಡಿ ಲೆಕ್ಕದಲ್ಲಿ ಆರುನೂರೂ ಆಗಲ್ಲ. ಮಾರುವವನಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ. ನಾವು ಹಳ್ಳಿಯಿಂದ ಬಂದವರು ಅಂತ ನೋಡಿದ ಕೂಡಲೇ ಅವನ ದನಿ ಬದಲಾಗಿತ್ತು. ಅದು ನನಗೆ ಸರಿಬರಲಿಲ್ಲ.

ಪುಟ್ಟಿ ಅಲ್ಲೇ ಮರಳುಚೀಲದ ಮೇಲಿಟ್ಟು ಐದು ಪೆಲೆಟ್ ಹೊಡೆದಳು. ಐದು ತೂತು ಸೇರಿ ಐದು ರೂಪಾಯಿ ನಾಣ್ಯದಷ್ಟು ಅಗಲ ಹರಡಿದ್ದವು. ಆ ಸ್ಪ್ರಿಂಗಿಗೆ ಒಂದು ಗುಣ ಇದೆ. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಪೆಲೆಟ್ ನಳಿಗೆ ಬಿಡುವ ಮೊದಲೇ ಒಳಗಿನ ಪಿಸ್ಟನ್ ಮುಂದಕ್ಕೆ ಚಿಮ್ಮಿ ಇಡೀ ರೈಫಲ್ ಅಲುಗುತ್ತದೆ. ಹಿಡಿತ ಚೂರು ಬದಲಾದರೂ ಪೆಲೆಟ್ ಬೇರೆ ಕಡೆ.

ಭಾವ ಕೇಳಿದರು, "ಆಟ ಕಲಿಯೋಕೆ ಇಷ್ಟು ಸಾಲಲ್ವೇನಮ್ಮಾ? ಯಾವುದರಲ್ಲಿ ಹೊಡೆದ್ರೂ ಒಂದೆರಡು ತಪ್ಪೇ ತಪ್ಪುತ್ತೆ, ಅಲ್ವಾ?"

ಆಗ ಅವಳು ಆ ಮಾತು ಹೇಳಿದ್ದು. ದನಿ ಎತ್ತಲಿಲ್ಲ. ಅಪ್ಪನ ದುಡ್ಡಿನ ಲೆಕ್ಕ ಅವಳಿಗೆ ಗೊತ್ತು. "ತಪ್ಪಿದ್ರೆ ಅದು ನನ್ನ ತಪ್ಪು ಅಂತ ಗೊತ್ತಾಗ್ಬೇಕು."

ಭಾವ ರೈಫಲ್ ಮೇಲಿಟ್ಟಿದ್ದ ಕೈ ತೆಗೆದರು. ಹೊರಗೆ ಬಂದು ಟೀ ಕುಡಿಯುವಾಗ ಹಳೇ ಕತೆಯೊಂದನ್ನು ಹೇಳಿದರು. ಆಗಿನ್ನೂ ನಮ್ಮಕ್ಕನನ್ನು ಮದುವೆಯಾಗಿರಲಿಲ್ಲವಂತೆ. ಮನೆ ಬಾಗಿಲಿಗೇ ಬಂದು ಗೂಡು ಒಯ್ಯುತ್ತಿದ್ದ ಒಬ್ಬ ವ್ಯಾಪಾರಿಗೆ ಎರಡು ಬೆಳೆ ಕೊಟ್ಟರು. ಎರಡು ಸಲವೂ ತೂಕ ಕಡಿಮೆ ಬಂತು. ಸೊಪ್ಪು ಸರಿಯಿಲ್ಲವೇನೋ ಅಂತ ತೋಟಕ್ಕೆ ಗೊಬ್ಬರ ಸುರಿದರು. ಹುಳದ ಮನೆಯಲ್ಲಿ ಕಾವು ಜಾಸ್ತಿಯಾಯಿತೇನೋ ಅಂತ ಗೋಣಿತಾಟು ನೆನೆಸಿ ಕಟ್ಟಿದರು. ರಾತ್ರಿಯೆಲ್ಲ ಎದ್ದು ಹುಳ ನೋಡುತ್ತಿದ್ದರಂತೆ. ಆಮೇಲೆ ಒಂದು ದಿನ ಅದೇ ಗೂಡನ್ನು ಬೇರೆ ಕಡೆ ತೂಗಿಸಿದಾಗ ಗೊತ್ತಾಯಿತು, ಹುಳವೂ ಸರಿ, ಸೊಪ್ಪೂ ಸರಿ. ತಕ್ಕಡಿ ಸುಳ್ಳು.

"ದುಡ್ಡು ಹೋಗಿದ್ದಕ್ಕಲ್ಲಪ್ಪಾ," ಅಂದರು ನನಗೆ. "ಸರಿಯಾಗಿದ್ದ ಕೈಯನ್ನ ನಾನೇ ತಿದ್ದೋಕೆ ಹೋದೆ ನೋಡು, ಅದಕ್ಕೆ."

ನನಗೆ ಮಾತು ಹೊರಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವರು ಈ ಕತೆಯನ್ನು ನನಗೆ ಹೇಳಿರಲಿಲ್ಲ.

ಅಲ್ಲಿಂದ ರೇಂಜಿಗೆ ಹೋದೆವು. ಪುಟ್ಟಿಯ ಕೋಚ್ ಕಡಿಮೆ ಮಾತಿನ ಹೆಂಗಸು. ಅಂಥ ಗುರು ಸಿಕ್ಕಿದ್ದು ಅವಳ ಪುಣ್ಯ. "ಹೊಸದೇ ಬೇಕು ಅಂತ ಹಟ ಬೇಡ," ಅಂದರು. ಇಂಪೋರ್ಟೆಡ್ ರೈಫಲ್ ಎರಡು ಲಕ್ಷ ದಾಟುತ್ತದೆ. ಅಲ್ಲೇ ಒಬ್ಬ ಸೀನಿಯರ್ ಹುಡುಗಿ ತನ್ನ ಹಳೇ ಪಿಸಿಪಿ ರೈಫಲ್ ಮಾರುತ್ತಿದ್ದಳು. ನಮ್ಮ ದೇಶದಲ್ಲೇ ಮಾಡಿದ್ದು, ಒಂದೊಂದೇ ಪೆಲೆಟ್ ಹಾಕುವಂಥದ್ದು. ಪಿಸಿಪಿ ಅಂದರೆ ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ ಗಾಳಿ ಮೊದಲೇ ತುಂಬಿರುತ್ತದೆ. ಕುದುರೆ ಎಳೆದಾಗ ಅಳತೆಯ ಗಾಳಿ ಮಾತ್ರ ಹೊರಬರುತ್ತದೆ. ಒಳಗೆ ಚಿಮ್ಮುವ ದಪ್ಪ ಸ್ಪ್ರಿಂಗ್ ಇಲ್ಲ, ಹಾಗಾಗಿ ಅಲುಗಾಟವೂ ಇಲ್ಲ ಅನ್ನುವಷ್ಟು ಕಡಿಮೆ.

ಕೋಚ್ ಮೊದಲು ನೋಡಿದ್ದು ಸಿಲಿಂಡರ್ ಮೇಲೆ ಕೆತ್ತಿದ ತಾರೀಖು. ಒಳಗೆ 200 ಬಾರ್ ಒತ್ತಡ ಇರುತ್ತದೆ, ಅವಧಿ ಮುಗಿದದ್ದನ್ನು ಮುಟ್ಟಲೇಬಾರದಂತೆ. ಆಮೇಲೆ ಗಾಳಿ ಸೋರುತ್ತದಾ ಅಂತ ಗಂಟೆಗಟ್ಟಲೆ ಬಿಟ್ಟು ಒತ್ತಡ ತೋರಿಸುವ ಮುಳ್ಳು ನೋಡಿದರು. ಕೊನೆಗೆ ಮರಳುಚೀಲ, ಎರಡು ಬಗೆಯ ಪೆಲೆಟ್. ತಲೆ ಚಪ್ಪಟೆಯಾಗಿರುವ ಪೆಲೆಟ್ಟೇ ಬೇಕು, ಕಾಗದದಲ್ಲಿ ತೂತು ಚೊಕ್ಕವಾಗಿ ಬೀಳುತ್ತದೆ. ಮೊದಲ ಡಬ್ಬಿಯದು ಸ್ವಲ್ಪ ಚದುರಿತು. ಎರಡನೇ ಡಬ್ಬಿಯ ಐದೂ ಒಂದೇ ತೂತಿನಲ್ಲಿ ಹೋದವು, ತೊಗರಿಕಾಳಿನಷ್ಟು.

ಭಾವ ಆ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹತ್ತು ಪಾಯಿಂಟ್ ಎಲ್ಲಿ?" ಅಂದರು. ಪುಟ್ಟಿ ನಡುವಿನ ಚುಕ್ಕೆ ತೋರಿಸಿದಳು. ಅರ್ಧ ಮಿಲಿಮೀಟರ್.

"ನಮ್ಮ ಹುಳದ ಮೊಟ್ಟೆಗಿಂತ ಚಿಕ್ಕದು!" ಅಂದರು ಭಾವ. ಅವರ ಕಣ್ಣಲ್ಲಿ ನೀರಿತ್ತು.

38 ಸಾವಿರಕ್ಕೆ ಮಾತಾಯಿತು. ಮಿಕ್ಕಿದ್ದು ಗಾಳಿ ತುಂಬುವ ಕೈಪಂಪಿಗೆ ಹೋಯಿತು. ಹೊಡೆಯುವಾಗ ತೊಡುವ ಜಾಕೆಟ್ ಸದ್ಯಕ್ಕೆ ರೇಂಜಿನದೇ. ಒಂದು ಮಾತು, ಈ ದಾರಿಗೆ ಮಕ್ಕಳನ್ನು ಬಿಡುವ ಅಪ್ಪ ಅಮ್ಮಂದಿರು ಪೆಲೆಟ್ಟಿನ ಲೆಕ್ಕ ಹಾಕಿಕೊಳ್ಳಬೇಕು. ದಿನಕ್ಕೆ 60 ಹೊಡೆದರೆ 500ರ ಡಬ್ಬಿ ಎಂಟೇ ದಿನ. ರೈಫಲ್ ಒಂದು ಸಲದ ಖರ್ಚು, ಇದು ದಿನದಿನದ್ದು.

ವಾಪಸ್ ಬರುವಾಗ ಪುಟ್ಟಿ ಪಿಸ್ತೂಲ್ ಶೂಟರ್ ಮನು ಭಾಕರ್ ವಿಷಯ ತೆಗೆದಳು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಟದ ಮಧ್ಯೆಯೇ ಪಿಸ್ತೂಲು ಕೆಟ್ಟು ನಿಂತಿತು. ಅದನ್ನು ಸರಿಮಾಡಿಸಿಕೊಳ್ಳುವಷ್ಟರಲ್ಲಿ ಎಷ್ಟೋ ನಿಮಿಷ ಹೋದವು, ಫೈನಲ್ ತಪ್ಪಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದರು. "ಮಾವ, ಕೈಯಲ್ಲಿರೋದು ಕೆಟ್ಟಿದೆ ಅಂತ ಎದ್ದು ಕಾಣೋದು ಒಂದು ಥರ," ಅಂದಳು. "ಕೆಟ್ಟಿದೆ ಅಂತ ಗೊತ್ತೇ ಆಗದೆ ದಿನಾ ನನ್ನನ್ನೇ ಬೈದುಕೊಳ್ಳೋದು ಇನ್ನೊಂದು ಥರ. ನನಗೆ ಅದರದ್ದೇ ಭಯ."

ನಾನು ಪಾಠ ಹೇಳುವವನು. ಈ ವಾರ ತರಗತಿಗೆ ಹೋದಾಗಲೆಲ್ಲ ಈ ಮಾತು ಎದುರಿಗೆ ಬಂದು ನಿಂತಿದೆ. ನಾನು ಕೊಟ್ಟ ಗೊಂದಲದ ಪ್ರಶ್ನೆಗೆ ಉತ್ತರ ತಪ್ಪಾದಾಗ, ತಾನೇ ದಡ್ಡ ಅಂದುಕೊಂಡು ಸುಮ್ನೆ ಕೂತ ಮಕ್ಕಳು ಎಷ್ಟಿರಬಹುದು? ಬುಧವಾರ ಹಳೇ ಪ್ರಶ್ನೆಪತ್ರಿಕೆ ತೆಗೆದು ಕೂತೆ. ಮೂರು ಪ್ರಶ್ನೆಗಳನ್ನು ಹೊಸದಾಗಿ ಬರೆದೆ.

ಮನೆಯ ಹಿಂದಿನ ಹಳೇ ದನದ ಕೊಟ್ಟಿಗೆಯಲ್ಲಿ ಭಾವ ಟೇಪು ಹಿಡಿದು 10 ಮೀಟರ್ ಅಳೆದಿದ್ದಾರೆ. ಗೋಡೆಗೆ ದಪ್ಪ ಹಲಗೆ, ಅದರ ಮುಂದೆ ಮರಳಿನ ಚೀಲ. ಅವಳು ಹೊಡೆಯುವಾಗ ಆ ಕಡೆ ಯಾರೂ ಹೋಗದ ಹಾಗೆ ಬಾಗಿಲಿಗೆ ಚಿಲಕ. ಹುಳದ ಮನೆ ಕಡೆ ಮಾತ್ರ ಸೀಸದ ಪೆಲೆಟ್ ತರಕೂಡದು ಅಂತ ಕಟ್ಟಪ್ಪಣೆ.

ನಿನ್ನೆ ರಾತ್ರಿ ಭಾವ ಫೋನ್ ಮಾಡಿದ್ದರು. ಹುಳ ಎರಡನೇ ಜ್ವರಕ್ಕೆ, ಅಂದರೆ ಪೊರೆ ಬಿಡೋಕೆ, ಕೂತಿವೆ ಅಂದರು. ಮಳೆ ಬರೋ ಹಾಗಿದೆ ಅಂದರು. ಆಮೇಲೆ ಮೆಲ್ಲಗೆ, "ಇವತ್ತು ಎರಡು ಸಲ ಹತ್ತರ ಬದಲು ಏಳಕ್ಕೆ ಹೊಡೆದಳು ಕಣಪ್ಪಾ. ಯಾಕಮ್ಮಾ ಅಂದೆ. ಉಸಿರು ಬೇಗ ಬಿಟ್ಟೆ ಅಪ್ಪಾ, ರೈಫಲ್ ಸರಿಯಾಗಿದೆ ಅಂದಳು."