ಕೊಬ್ಬರಿ ಹೆಚ್ಚುವ ಭಾನುವಾರ

ಜನವರಿ ಶುರುವಾಗುತ್ತಿದ್ದಂತೆ ಸಂಕ್ರಾಂತಿಗೆಂದು ಬೆಂಗಳೂರು, ಮೈಸೂರಿನ ಅಂಗಡಿಗಳ ಮುಂದೆ ಎಳ್ಳು-ಬೆಲ್ಲದ ರಾಶಿ ಏಳುತ್ತದೆ. ಬೆರೆಸಿದ ಎಳ್ಳು ಕೆಜಿ ಲೆಕ್ಕ, ಸಕ್ಕರೆ ಅಚ್ಚು ಡಬ್ಬಿ ಲೆಕ್ಕ. ಪಕ್ಕದಲ್ಲೇ ಎಳ್ಳಿನ ಜೊತೆ ಕೊಡಲೆಂದು ಸ್ಟೀಲ್ ಡಬ್ಬಿ, ಬೆಳ್ಳಿ ಬಣ್ಣದ ಕುಂಕುಮ ಭರಣಿ, ರಿಬ್ಬನ್ ಕಟ್ಟಿದ ಡ್ರೈಫ್ರೂಟ್ಸ್ ಪೆಟ್ಟಿಗೆ. ಈ ವರ್ಷ ಒಬ್ಬರು ಡಬ್ಬಿ ಕೊಟ್ಟರೆ ಮುಂದಿನ ವರ್ಷ ಇನ್ನೊಬ್ಬರು ಅದಕ್ಕಿಂತ ದೊಡ್ಡದನ್ನು ಕೊಡಬೇಕು. ಅವೆಲ್ಲ ಕೊನೆಗೆ ಸೇರುವುದು ಅಟ್ಟಕ್ಕೇ.

ಮನೆಯಲ್ಲಿ ಎಳ್ಳು ಮಾಡಲು ಬೇಕಾಗುವ ಸಾಮಾನು ಐದು: ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ, ಬಿಳಿ ಎಳ್ಳು. ಅದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾಗುವುದು ಕೂತು ಹೆಚ್ಚುವ ಕೈಗಳು. ಹಬ್ಬಕ್ಕೆ ಮುಂಚಿನ ಭಾನುವಾರವನ್ನು ಮನೆಮಂದಿಯೆಲ್ಲ ಇದಕ್ಕೇ ಮೀಸಲಿಟ್ಟರೆ ಉಡುಗೊರೆಯ ಚಿಂತೆ ಅಲ್ಲಿಗೇ ಮುಗಿಯಿತು. ಷರತ್ತು ಒಂದೇ. ಅಮ್ಮನೋ ಅತ್ತೆಯೋ ಒಬ್ಬರೇ ಮೂರು ದಿನ ಈಳಿಗೆಮಣೆ ಮುಂದೆ ಕೂತು, ಉಳಿದವರು ತಟ್ಟೆ ಹಿಡಿದು ಫೋಟೊ ತೆಗೆಸಿಕೊಂಡರೆ ಅದು ಸೇರಿ ಕಳೆದ ಹೊತ್ತಾಗುವುದಿಲ್ಲ, ಒಬ್ಬರ ದುಡಿಮೆಯಾಗುತ್ತದೆ. ಹಾಗೆ ಮಾಡುವುದಾದರೆ ಅಂಗಡಿಯಿಂದ ತರುವುದೇ ಮೇಲು.

ಅಳತೆ ಹೀಗೆ. ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ ತಲಾ ಅರ್ಧ ಕೆಜಿ. ಬಿಳಿ ಎಳ್ಳು ಕಾಲು ಕೆಜಿ. ಸಿಪ್ಪೆ, ಪುಡಿ, ಮಕ್ಕಳ ಬಾಯಿಗೆ ಹೋಗಿದ್ದು ಎಲ್ಲ ಕಳೆದು ಸುಮಾರು 2 ಕೆಜಿ ಉಳಿಯುತ್ತದೆ. ಮನೆಗೆ 50 ಗ್ರಾಂ ಪೊಟ್ಟಣ ಮಾಡಿದರೆ 40 ಮನೆಗೆ ಸಾಕು.

ಹೆಚ್ಚು ಹೊತ್ತು ಹಿಡಿಯುವುದು ಕೊಬ್ಬರಿ. ತಿಪಟೂರು ಕಡೆಯ ಉಂಡೆ ಕೊಬ್ಬರಿ ಸಿಕ್ಕರೆ ಒಳ್ಳೆಯದು. ಕಾಯಿ ಸಿಪ್ಪೆಯೊಳಗೇ, ಅಟ್ಟದ ಮೇಲೆ ಎಂಟು-ಹತ್ತು ತಿಂಗಳು ನಿಧಾನವಾಗಿ ಒಣಗಿರುವುದರಿಂದ ಹೆಚ್ಚುವಾಗ ಪುಡಿಯಾಗುವುದಿಲ್ಲ. ಕೊಳ್ಳುವಾಗ ಬಟ್ಟಲಿನ ಒಳಭಾಗ ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ ಎಷ್ಟು ಒಣಗಿಸಿದರೂ ಹೋಗುವುದಿಲ್ಲ, ಒಂದು ಬಟ್ಟಲು ಇಡೀ ಡಬ್ಬಿಯನ್ನು ಕೆಡಿಸುತ್ತದೆ. ಮೇಲಿನ ಕಂದು ಸಿಪ್ಪೆಯನ್ನು ಪೀಲರ್‌ನಿಂದ ತೆಗೆದು (ಆ ತುರಿ ಚಟ್ನಿಪುಡಿಗೆ ಆಗುತ್ತದೆ, ಎಸೆಯಬೇಡಿ) ಬಟ್ಟಲನ್ನು ತೆಳು ಪಟ್ಟಿಗಳಾಗಿ ಸೀಳಿ, ಆಮೇಲೆ ಅಡ್ಡಡ್ಡ ಸಣ್ಣ ಚೂರು ಮಾಡಬೇಕು. ಒಬ್ಬರೇ ಕೂತರೆ ಅರ್ಧ ಕೆಜಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ, ಬೆರಳಲ್ಲಿ ಗುಳ್ಳೆಯೂ ಏಳುತ್ತದೆ. ನಾಲ್ವರು ಕೂತರೆ ಹರಟೆಯಲ್ಲಿ ಮುಗಿದದ್ದೇ ತಿಳಿಯುವುದಿಲ್ಲ.

ಬೆಲ್ಲ ಗಟ್ಟಿಯಾದ ಅಚ್ಚಿನದೇ ಇರಲಿ. ಮೆತ್ತಗಿನ ಕಪ್ಪು ಬೆಲ್ಲ ರುಚಿಯೇನೋ ಹೌದು, ಆದರೆ ಚೂರುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಅಡಕತ್ತರಿ ಇರುವ ಮನೆಯಲ್ಲಿ ಈ ಕೆಲಸ ಸಲೀಸು. ಗಟ್ಟಿ ಕೈಯವರಿಗೆ ವಹಿಸಿ. ಬೆಲ್ಲದ ಕೈಯಲ್ಲಿ ಫೋನ್ ಮುಟ್ಟಲಾಗುವುದಿಲ್ಲ ಎಂಬ ಲಾಭವೂ ಇದೆ.

ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಬಿರಿಯುವವರೆಗೆ ಹುರಿದು, ಆರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಬೇಳೆ ಬಿಡಿಸಬೇಕು. ಕಾಲು ಮಡಚಿ ಕೂರಲಾಗದ ಅಜ್ಜ-ಅಜ್ಜಿಯರಿಗೆ ಹೇಳಿ ಮಾಡಿಸಿದ ಕೆಲಸ ಇದು, ಕುರ್ಚಿಯ ಮೇಲೆ ಕೂತೇ ಮಾಡಬಹುದು. ಹುರಿಗಡಲೆಯಲ್ಲಿ ಕಪ್ಪಾದದ್ದನ್ನು ಆರಿಸುವುದು ಮಕ್ಕಳಿಗೆ. ಬೀರುವ ಮನೆಗಳ ಪಟ್ಟಿ ಬರೆಯುವುದೂ ಈ ಹೊತ್ತಿನಲ್ಲೇ. ಯಾರ ಮನೆಗೆ ಯಾಕೆ ಹೋಗುತ್ತೇವೆ, ಆ ಮನೆಯ ಅಜ್ಜಿ ನಮಗೇನಾಗಬೇಕು ಎಂದು ಮಕ್ಕಳು ಕೇಳುವುದೂ, ದೊಡ್ಡವರು ನೆನಪು ಮಾಡಿಕೊಂಡು ಒಬ್ಬರನ್ನೊಬ್ಬರು ತಿದ್ದುವುದೂ ಆಗಲೇ. ಬೇರೆ ದಿನ ಕೂರಿಸಿ ಹೇಳಿದರೆ ಯಾವ ಮಗು ಕೇಳುತ್ತದೆ?

ಎಳ್ಳು ಹುರಿಯುವುದು ಮಾತ್ರ ಒಬ್ಬರ ಕೈಯಲ್ಲೇ ಇರಲಿ. ಚಟಪಟ ಎಂದು ಉಬ್ಬಿದೊಡನೆ ಬೇರೆ ತಟ್ಟೆಗೆ ಸುರಿಯಬೇಕು. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಕೆಂಪಾಗಿ ಕಹಿಯಾಗುತ್ತದೆ.

ಹೆಚ್ಚಿದ ಕೊಬ್ಬರಿ, ಬೆಲ್ಲವನ್ನು ಬೇರೆ ಬೇರೆ ತಟ್ಟೆಯಲ್ಲಿ ಹರಡಿ, ತೆಳು ಬಟ್ಟೆ ಮುಚ್ಚಿ ಎರಡು ಮೂರು ದಿನ ಬಿಸಿಲಿಗಿಡಿ. ಬಟ್ಟೆ ಇಲ್ಲದಿದ್ದರೆ ಕೊಬ್ಬರಿ ಕಾಗೆಯ ಪಾಲು. ಇರುವೆಗೆ ಸ್ಟೂಲಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡುವ ಹಳೆಯ ಉಪಾಯವೇ ಸಾಕು. ಸಂಜೆ ಮರೆಯದೆ ಒಳಗೆ ತನ್ನಿ, ಜನವರಿಯ ಇಬ್ಬನಿ ಹಗಲಿಡೀ ಒಣಗಿದ್ದನ್ನು ಮತ್ತೆ ತೇವ ಮಾಡುತ್ತದೆ. ಬಿಸಿಲೇ ಇಲ್ಲದ ಚಳಿ ದೇಶಗಳಲ್ಲಿರುವವರು ಕೊಬ್ಬರಿಯನ್ನು ಓವನ್ನಿನ ಅತಿ ಕಡಿಮೆ ಶಾಖದಲ್ಲಿ, ಬಾಗಿಲು ಸ್ವಲ್ಪ ತೆರೆದಿಟ್ಟು ಒಣಗಿಸಬಹುದು. ಬೆಲ್ಲವನ್ನು ಅಲ್ಲಿಡಬೇಡಿ, ಕರಗುತ್ತದೆ. ಅದೇ ಕಾರಣಕ್ಕೆ, ಹುರಿದದ್ದೆಲ್ಲ ಪೂರ್ತಿ ಆರಿದ ಮೇಲಷ್ಟೇ ಬೆರೆಸಬೇಕು, ಬೆಲ್ಲ ಕೊನೆಗೆ. ಎಳ್ಳು ತಳಕ್ಕೆ ಇಳಿಯುವುದರಿಂದ ಪೊಟ್ಟಣಕ್ಕೆ ತುಂಬುವಾಗ ಮತ್ತೆ ಮತ್ತೆ ಕಲಸುತ್ತಿರಿ, ಇಲ್ಲದಿದ್ದರೆ ಕೊನೆಯ ಮನೆಗೆ ಬರೀ ಎಳ್ಳು ಹೋಗುತ್ತದೆ.

ಸಕ್ಕರೆ ಅಚ್ಚಿಗೆ ಕಡೇಪಕ್ಷ ಇಬ್ಬರು ಬೇಕು. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿ. ಒಣ ಮರಕ್ಕೆ ಪಾಕ ಅಂಟಿದರೆ ಆನೆಯ ಸೊಂಡಿಲು, ಗಿಳಿಯ ಕೊಕ್ಕು ಅಚ್ಚಲ್ಲೇ ಉಳಿಯುತ್ತವೆ. ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದು, ಒದ್ದೆ ಬಟ್ಟೆ ಹಾಸಿದ ತಟ್ಟೆಯ ಮೇಲೆ ನಿಲ್ಲಿಸಿ. ಅರ್ಧ ಕೆಜಿ ಸಕ್ಕರೆಗೆ ಸುಮಾರು 200 ಮಿಲಿ ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಒಟ್ಟಿಗೆ ಪಾಕ ಮಾಡಬಾರದು. ಎರಡು ಸೌಟು ಮಾತ್ರ ಸಣ್ಣ ಪಾತ್ರೆಗೆ ಹಾಕಿ ಕುದಿಸಿ, ಎಳೆ ಬಂದಾಗ ಇಳಿಸಿ ಚಮಚದಿಂದ ಕೈಬಿಡದೆ ತಿರುವಬೇಕು. ಮಜ್ಜಿಗೆಯಂತೆ ಬೆಳ್ಳಗಾದ ಕ್ಷಣ ಅಚ್ಚಿಗೆ ಸುರಿಯಬೇಕು. ಮೊದಲೇ ಸುರಿದರೆ ಅಂಟಾಗಿಯೇ ಉಳಿಯುತ್ತದೆ, ಸ್ವಲ್ಪ ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ನಿಂಬೆರಸ ಹಾಕುವವರು ಹೆಚ್ಚಾಗಿ ಹಿಂಡಿದರೂ ಹರಳುಗಟ್ಟದೆ ಅಂಟಾಗುತ್ತದೆ. ಕೆಟ್ಟದ್ದಕ್ಕೆ ನೀರು ಸೇರಿಸಿ ಮತ್ತೆ ಕಾಯಿಸಿದರಾಯಿತು, ಒಂದು ಚಮಚವೂ ವ್ಯರ್ಥವಿಲ್ಲ. ಪಾಕದ ಹತ್ತಿರ ಮಕ್ಕಳು ಬೇಡ, ಬಿದ್ದರೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಹತ್ತು ನಿಮಿಷ ಬಿಟ್ಟು ಅಚ್ಚು ಬಿಡಿಸುವ ಕೆಲಸ ಮಾತ್ರ ಅವರಿಗೇ ಕೊಡಿ. ಎರಡು ಹೋಳಿನ ನಡುವಿನಿಂದ ಬಸವ ಹೊರಬರುವಾಗಿನ ಅವರ ಕೂಗಾಟ ಯಾವ ಆಟಿಕೆ ಅಂಗಡಿಯಲ್ಲೂ ಕೇಳುವುದಿಲ್ಲ.

ಬೀರಲು ಹೋಗುವಾಗ ತಟ್ಟೆಯಲ್ಲಿ ಎಳ್ಳು, ಒಂದು ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲೆ-ಅಡಿಕೆ ಇದ್ದರೆ ಸಾಕು. ಡಬ್ಬಿ ಬೇಡ. ಗೇಟಿನಲ್ಲೇ ಕೊಟ್ಟು ಓಡಿದರೆ ಭಾನುವಾರದ ಶ್ರಮಕ್ಕೆ ಅರ್ಥವಿಲ್ಲ. ಒಂದು ಸಂಜೆಗೆ ಏಳೆಂಟು ಮನೆ ಇಟ್ಟುಕೊಳ್ಳಿ, ಪ್ರತಿ ಮನೆಯಲ್ಲಿ ಹತ್ತು ನಿಮಿಷವಾದರೂ ಕೂರಿ. ಎಲ್ಲರ ಮನೆಗೂ ಹಬ್ಬದ ದಿನವೇ ಹೋಗಬೇಕೆಂದಿಲ್ಲ. ರಥಸಪ್ತಮಿಯವರೆಗೂ ಎಳ್ಳು ಬೀರುವ ರೂಢಿ ಇದೆ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಎಳ್ಳು ಅಲ್ಲಿಯವರೆಗೆ ಗರಿಗರಿಯಾಗಿಯೇ ಇರುತ್ತದೆ.