ಸುಮ್ನೆ ಬಿಟ್ಟರೆ ಉಳಿಯದ ಹುಲ್ಲುಗಾವಲು

ಹುಲ್ಲುಗಾವಲನ್ನು ಕಾಪಾಡಬೇಕು ಅಂದ್ರೆ ಬೇಲಿ ಹಾಕಿ, ದನ ಬಿಡದೆ, ಬೆಂಕಿ ಬೀಳದ ಹಾಗೆ ನೋಡಿಕೊಂಡರೆ ಸಾಕು ಅಂತ ನಾನು ತುಂಬಾ ದಿನ ನಂಬಿದ್ದೆ. ಅಮೆರಿಕದ ಉತ್ತರ ಮತ್ತು ದಕ್ಷಿಣ ಡಕೋಟಾ ರಾಜ್ಯಗಳ ಪ್ರೇರಿಗಳ, ಅಂದ್ರೆ ಅಲ್ಲಿನ ಬಯಲು ಹುಲ್ಲುಗಾವಲುಗಳ ಕಥೆ ಓದಿದ ಮೇಲೆ ಆ ನಂಬಿಕೆ ಉಳಿದಿಲ್ಲ.

ಆ ಸೀಮೆಯಲ್ಲಿ ಸರ್ಕಾರದ ಕೈಯಲ್ಲಿರುವ ಎಷ್ಟೋ ಪ್ರೇರಿ ಭೂಮಿಯನ್ನು ಕಾಪಾಡಿದ್ದೇ ಬಾತುಕೋಳಿಗಳಿಗಾಗಿ. ಹುಲ್ಲು ದಟ್ಟವಾಗಿದ್ದರೆ ಗೂಡಿಗೆ ಒಳ್ಳೆಯದು, ಹಾಗಾಗಿ ಮುಟ್ಟಬೇಡಿ ಅನ್ನೋ ಲೆಕ್ಕಾಚಾರ. ಆದರೆ ಆ ನೆಲ ಸಾವಿರಾರು ವರ್ಷ ಬದುಕಿದ್ದು ಬೈಸನ್ ಅನ್ನೋ ಕಾಡುದನ ಮೇಯ್ದು, ಆಗಾಗ ಬೆಂಕಿ ಬಿದ್ದು. ಎರಡೂ ನಿಂತಾಗ ಒಣ ಹುಲ್ಲು ಪದರ ಪದರವಾಗಿ ಕೂತಿತು, ಬಿಸಿಲು ನೆಲಕ್ಕೆ ತಾಕದೇ ಹೋಯಿತು, ಅದೇ ಹೊತ್ತಿಗೆ ಹೊರಗಿಂದ ಬಂದ ಎರಡು ಹುಲ್ಲುಗಳು ಒಳಗೆ ನುಗ್ಗಿದವು. ಒಂದು ಸ್ಮೂತ್ ಬ್ರೋಮ್. ಇನ್ನೊಂದು ಕೆಂಟುಕಿ ಬ್ಲೂಗ್ರಾಸ್. ಹೆಸರಲ್ಲಿ ಕೆಂಟುಕಿ ಇದ್ದರೂ ಅದು ಸಮುದ್ರ ದಾಟಿ ಬಂದ ಹುಲ್ಲೇ. ದೂರದಿಂದ ನೋಡಿದರೆ ಎಲ್ಲಾ ಹಸಿರಾಗೇ ಕಾಣುತ್ತೆ. ಬಗ್ಗಿ ನೋಡಿದರೆ ಮಾತ್ರ ಹತ್ತಾರು ಬಗೆಯ ಹುಲ್ಲು, ಹೂವು ಇದ್ದ ಕಡೆ ಒಂದೆರಡೇ ಉಳಿದಿರೋದು ಗೊತ್ತಾಗುತ್ತೆ.

ಸರಿ, ಹಾಗಾದ್ರೆ ಸುಟ್ಟುಬಿಡೋಣ, ದನ ಬಿಡೋಣ ಅಂತ ಹೊರಟರೆ ಅದೂ ಅಷ್ಟು ಸುಲಭ ಅಲ್ಲ. ಬ್ರೋಮ್‌ಗೆ ಮೇಯಿಸೋದು ಅಷ್ಟಾಗಿ ಆಗಿಬರಲ್ಲ, ಬ್ಲೂಗ್ರಾಸ್ ಮಾತ್ರ ಅದನ್ನು ಚೆನ್ನಾಗೇ ತಡೆದುಕೊಳ್ಳುತ್ತೆ. ಬ್ರೋಮ್‌ನ ತೆಂಡೆ ಎದ್ದು ಕಾಂಡ ಬೆಳೆಯೋ ಹೊತ್ತಿಗೆ ಸರಿಯಾಗಿ ಬೆಂಕಿ ಬಿದ್ದರೆ ಅದಕ್ಕೆ ಜಾಸ್ತಿ ಪೆಟ್ಟು. ಆದರೆ ಅಲ್ಲಿನ ಸ್ವಂತ ಹುಲ್ಲುಗಳಲ್ಲೂ ಕೆಲವು ಚಳಿ ಇರುವಾಗಲೇ ಚಿಗುರುತ್ತವೆ, ಅದೇ ಬೆಂಕಿ ಅವಕ್ಕೂ ತಗಲುತ್ತೆ. ಮೇಲಿಂದ ಬರಗಾಲದ ವರ್ಷ ಒಂದು ತರ, ಮಳೆ ಚೆನ್ನಾಗಿದ್ದ ವರ್ಷ ಇನ್ನೊಂದು ತರ.

ಇಲ್ಲಿ ಅಡಾಪ್ಟಿವ್ ಮ್ಯಾನೇಜ್‌ಮೆಂಟ್ ಅನ್ನೋ ದಾರಿ ಬರುತ್ತೆ, ಅಂದ್ರೆ ಮಾಡುತ್ತಾ ಕಲಿತು, ಕಲಿತದ್ದಕ್ಕೆ ತಕ್ಕ ಹಾಗೆ ಮುಂದಿನ ಕೆಲಸ ತಿದ್ದಿಕೊಳ್ಳೋದು. 1978ರಲ್ಲಿ ಹಾಲಿಂಗ್ ಎಂಬ ಪರಿಸರ ವಿಜ್ಞಾನಿ ತನ್ನ ಜೊತೆಗಾರರೊಂದಿಗೆ ಇದಕ್ಕೊಂದು ರೂಪ ಕೊಟ್ಟರು. 'ನೋಡೋಣ, ಏನಾಗುತ್ತೋ' ಅಂತ ಮಾಡಿ ನೋಡೋದನ್ನೇ ಸುಮಾರು ಜನ ಈ ಹೆಸರಿಂದ ಕರೀತಾರೆ. ಅದು ತಪ್ಪು. ಇದರ ಜೀವ ಇರೋದು ಕೆಲಸಕ್ಕೆ ಕೈ ಹಾಕುವ ಮೊದಲೇ 'ಹೀಗಾಗುತ್ತೆ' ಅಂತ ಬರೆದಿಡೋದರಲ್ಲಿ.

ಡಕೋಟಾ ಮತ್ತು ಸುತ್ತಲಿನ ರಾಜ್ಯಗಳಲ್ಲಿ ಅಮೆರಿಕ ಸರ್ಕಾರದ ಎರಡು ಸಂಸ್ಥೆಗಳಾದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್ ಮತ್ತು ಜಿಯಾಲಾಜಿಕಲ್ ಸರ್ವೆಯವರು ಕೂಡಿ ಮಾಡಿದ್ದು ಇದನ್ನೇ. ಗಿಡ್ಡ ಮತ್ತು ಎತ್ತರದ ಹುಲ್ಲು ಬೆರೆತ ಪ್ರೇರಿಗೆ ನಾಲ್ಕೇ ಆಯ್ಕೆ: ಸುಡೋದು, ಮೇಯಿಸೋದು, ಎರಡೂ ಮಾಡೋದು, ಇಲ್ಲಾ ಆ ವರ್ಷ ಬಿಡೋದು. ಬಿಡೋದೂ ಒಂದು ತೀರ್ಮಾನ ಅಂತ ಲೆಕ್ಕಕ್ಕೆ ತಗೊಂಡಿದ್ದು ನನಗೆ ತುಂಬಾ ಹಿಡಿಸಿತು. ಇದರ ಜೊತೆಗೆ ನೆಲ ಹೇಗೆ ನಡೆದುಕೊಳ್ಳುತ್ತೆ ಅನ್ನೋದಕ್ಕೆ ಬೇರೆ ಬೇರೆ ಊಹೆಗಳಿವೆ. ಏನು ಮಾಡಿದರೂ ಫಲ ಒಂದೇ ಅಂತ ಒಂದು. ಬ್ರೋಮ್ ಬೇರೆ ತರ, ಬ್ಲೂಗ್ರಾಸ್ ಬೇರೆ ತರ ಅಂತ ಇನ್ನೊಂದು. ಹಿಂದಿನ ವರ್ಷಗಳಲ್ಲಿ ಎಷ್ಟು ಸಲ ಸುಟ್ಟಿದ್ದೀರಿ, ಮೇಯಿಸಿದ್ದೀರಿ ಅನ್ನೋದರ ಮೇಲೆ ನಿಂತಿದೆ ಅಂತ ಮತ್ತೊಂದು. ಸ್ವಂತ ಹುಲ್ಲು ಎಷ್ಟು ಉಳಿದಿದೆ ಅನ್ನೋದೂ ಮುಖ್ಯ ಅಂತ ಮಗದೊಂದು.

ಬೇಸಿಗೆಯಲ್ಲಿ ಜನ ಪ್ರೇರಿಯ ಒಂದೊಂದು ತುಂಡಿಗೂ (ಅದನ್ನೇ ಇಲ್ಲಿ ಹೊಲ ಅಂತೀನಿ) ಇಳಿದು 25 ಮೀಟರ್ ಉದ್ದದ ಗೆರೆ ಹಿಡಿದು, ಅರ್ಧರ್ಧ ಮೀಟರಿಗೆ ಯಾವ ಗಿಡಗಳ ಗುಂಪು ಮೇಲುಗೈ ಅಂತ ಬರೀತಾ ಹೋಗ್ತಾರೆ. ಸೊಂಟ ಬಗ್ಗಿಸಿ ಮಾಡೋ ಬೇಸರದ ಕೆಲಸ. ಆದರೆ ಆ ಗೆರೆಗಳಿಲ್ಲದಿದ್ದರೆ ಉಳಿದದ್ದೆಲ್ಲಾ ಬರೀ ಮಾತು. ಹೊಲದಲ್ಲಿ ಕಂಡದ್ದಕ್ಕೆ ಯಾವ ಊಹೆ ಹತ್ತಿರ ಬಂತೋ ಅದರ ತೂಕ, ಅಂದ್ರೆ ಅದರ ಮೇಲಿನ ನಂಬಿಕೆ, ಹೆಚ್ಚುತ್ತೆ, ತಪ್ಪಿದ್ದರ ತೂಕ ಇಳಿಯುತ್ತೆ. ಯಾವುದನ್ನೂ ಒಂದೇ ಏಟಿಗೆ ಆಚೆ ಹಾಕಲ್ಲ, ಯಾಕಂದ್ರೆ ಒಂದು ವರ್ಷದ ಮಳೆ ಯಾರನ್ನು ಬೇಕಾದರೂ ದಾರಿ ತಪ್ಪಿಸಬಹುದು. ಆ ಹೊಸ ತೂಕದ ಮೇಲೆ ಮುಂದಿನ ವರ್ಷದ ಸಲಹೆ ಬರುತ್ತೆ. ಅವರ ವರ್ಷ ಶುರುವಾಗೋದು ಸೆಪ್ಟೆಂಬರ್ 1ಕ್ಕೆ. ಸಲಹೆ ಕೇಳಲೇಬೇಕು ಅಂತಿಲ್ಲ. ದನ ಸಿಗಲಿಲ್ಲ, ಗಾಳಿ ಜೋರಾಗಿ ಬೆಂಕಿ ಹಚ್ಚೋಕೆ ಆಗಲಿಲ್ಲ ಅಂದ್ರೆ ಬೇರೆ ಮಾಡಬಹುದು. ಮಾಡಿದ್ದನ್ನು ಬರೆದರೆ ಅದರಿಂದಲೂ ಕಲಿಯಬಹುದು, ಅಲ್ವಾ?

ಇನ್ನೊಂದು ಜಾಣತನ ಅಂದ್ರೆ ಎಷ್ಟೋ ಹೊಲಗಳು ಒಂದೇ ಲೆಕ್ಕದಲ್ಲಿ ಸೇರೋದು. ಒಂದೇ ಹೊಲ ನೋಡುತ್ತಾ ಕೂತರೆ ಪ್ರೇರಿಯ ಗುಟ್ಟು ತಿಳಿಯೋಕೆ ಒಂದು ಜೀವಮಾನ ಸಾಲದು. ಹತ್ತಾರು ಹೊಲಗಳು ಒಂದೇ ವರ್ಷ ಬೇರೆ ಬೇರೆ ಪಾಡು ಪಟ್ಟಿರುತ್ತವೆ, ಒಂದರ ಸೋಲು ಇನ್ನೊಂದಕ್ಕೆ ದಾರಿ ತೋರಿಸುತ್ತೆ.

ನನಗಿರೋ ಆತಂಕ ಲೆಕ್ಕದ ಬಗ್ಗೆ ಅಲ್ಲ, ಜನರ ಬಗ್ಗೆ. ಹೊಲ ನೋಡಿಕೊಳ್ಳೋರು ವರ್ಗ ಆಗ್ತಾರೆ, ನಿವೃತ್ತಿ ಆಗ್ತಾರೆ, ದುಡ್ಡು ಕಮ್ಮಿಯಾದ ವರ್ಷ ಮೊದಲು ನಿಲ್ಲೋದು ಈ ಅಳತೆಯ ಕೆಲಸವೇ. ಎರಡು ವರ್ಷ ಅಳೆಯದೇ ಬಿಟ್ಟರೆ ಆ ನಡುವೆ ಹಚ್ಚಿದ ಬೆಂಕಿ ಬರೀ ಬೆಂಕಿ. ಅದರಿಂದ ಯಾರೂ ಏನೂ ಕಲಿಯಲ್ಲ. ಪಕ್ಕದ ಆಯೋವಾ ರಾಜ್ಯದಲ್ಲಿ ಮೊದಲಿದ್ದ ಪ್ರೇರಿಯಲ್ಲಿ ಉಳಿದಿರೋದು ನೂರಕ್ಕೆ 0.1ಕ್ಕಿಂತ ಕಮ್ಮಿ. ಡಕೋಟಾದಲ್ಲಿ ಇನ್ನೂ ನೇಗಿಲು ತಾಕದ ನೆಲ ಇದೆ, ಬ್ರೋಮ್ ನಡುವೆ ತಲೆ ಎತ್ತಿ ನಿಂತಿರೋ ಸ್ವಂತ ಹುಲ್ಲಿದೆ. ಗೆರೆ ಹಿಡಿದು ಬಗ್ಗಿ ನೋಡೋರು ಪ್ರತಿ ಬೇಸಿಗೆಯಲ್ಲೂ ಅಲ್ಲಿಗೆ ಹೋಗಬೇಕು.