ಮೊದಲ ಕಂತಿಗೆ ಕೊನೆಗೂ ದನಿ ಸಿಕ್ಕಿತು

ಮಾರ್ಗರೆಟ್ ಅಟ್ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿಯ ಆರಂಭದ ಭಾಗವನ್ನು ಕಿರುತೆರೆಯ ಒಂದು ಕಂತಾಗಿ ಕನ್ನಡದಲ್ಲಿ ಕಟ್ಟಿ ನೋಡುವ ನಮ್ಮ ಶಿರಸಿ ಗುಂಪಿನ ಕೆಲಸ ಮಳೆಗಾಲದುದ್ದಕ್ಕೂ ನಿಂತಲ್ಲೇ ನಿಂತಿತ್ತು. ಕೃತಿಯ ಹಕ್ಕು ನಮ್ಮದಲ್ಲವಾದ್ದರಿಂದ ಇದು ನಮ್ಮೊಳಗಿನ ಅಭ್ಯಾಸಕ್ಕೆ ಮಾತ್ರ, ಎಲ್ಲಿಯೂ ಪ್ರಸಾರವಾಗುವುದಿಲ್ಲ. ದೃಶ್ಯಗಳ ವಿಂಗಡಣೆ, ಶಾಟ್ ಪಟ್ಟಿ, ಬೆಳಕು ಇವೆಲ್ಲ ಎಲ್ಲರಿಗೂ ಗೊತ್ತಿರುವ ರೀತಿಯಲ್ಲೇ ನಡೆದವು. ನಮ್ಮನ್ನು ಕಾಡಿದ್ದು ನಾಯಕಿಯ ಒಳದನಿ.

1985ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆಯನ್ನು ಹೇಳುವವಳು ನಾಯಕಿಯೇ. ಗಿಲಿಯಡ್ ಎಂಬ ಕಲ್ಪಿತ ದೇಶದ ಆಡಳಿತದಲ್ಲಿ ಅವಳು ಓದುವಂತಿಲ್ಲ, ಬರೆಯುವಂತಿಲ್ಲ. ಸಾಮಾನು ತರಲು ಜೊತೆಗಾರ್ತಿಯೊಡನೆ ಹೋಗುವಾಗಲೂ ಒಪ್ಪಿತವಾದ ಮಾತುಗಳನ್ನಷ್ಟೇ ಆಡಬೇಕು. ಮುಖದ ಎರಡೂ ಬದಿಗೆ ರೆಕ್ಕೆಯಂತೆ ಚಾಚಿದ ಬಿಳಿಯ ಟೊಪ್ಪಿಗೆ ಬೇರೆ. ಹೊರಗೆ ಇಷ್ಟು ಮೌನವಾಗಿರುವ ಹೆಂಗಸಿನ ಒಳಗೆ ಇಷ್ಟೊಂದು ಸಿಟ್ಟು, ನಗೆ, ಆಸೆ, ನೆನಪು ತುಂಬಿವೆ ಎಂಬುದೇ ಕೃತಿಯ ಜೀವಾಳ. ಓದುಗರಿಗೆ ಪುಟಪುಟದಲ್ಲೂ ಸಿಗುವ ಆ ಒಳಗು ಕ್ಯಾಮೆರಾದ ಕೈಗೆ ಸಿಗುವುದಿಲ್ಲ.

ಅವಳ ಕೋಣೆಯ ದೃಶ್ಯವನ್ನೇ ತೆಗೆದುಕೊಳ್ಳಿ. ಬಿಳಿಯ ಛಾವಣಿಯ ನಡುವೆ ಹೂಮಾಲೆಯ ಆಕಾರದ ಉಬ್ಬು ಕೆತ್ತನೆ; ಅದರ ಮಧ್ಯದಲ್ಲಿ ತೂಗುದೀಪವನ್ನು ಕಿತ್ತು ಗಾರೆ ಮೆತ್ತಿ ಮುಚ್ಚಿದ ಖಾಲಿ ಜಾಗ. ಹಗ್ಗ ಕಟ್ಟಬಹುದಾದ ಯಾವುದನ್ನೂ ಆಳುವವರು ಅಲ್ಲಿ ಉಳಿಸಿಲ್ಲ. ಕಾದಂಬರಿಯಲ್ಲಿ ಈ ಮಾತು ಎದೆಯನ್ನು ಹಿಂಡುತ್ತದೆ. ನಾವು ದನಿಯಿಲ್ಲದೆ, ಮೇಲಕ್ಕೆ ನೋಡುವ ಕಣ್ಣುಗಳನ್ನಷ್ಟೇ ಹಿಡಿದು ತೋರಿಸಿದಾಗ, ಚಿತ್ರೀಕರಣಕ್ಕೆ ಮನೆ ಬಿಟ್ಟುಕೊಟ್ಟ ಹಿರಿಯರಾದ ಅತ್ತೆಯವರು, ‘ಎಂತ ಕೂಸೇ, ಮಾಡು ಸೋರಿತ್ತಾ?’ ಎಂದು ಕೇಳಿದರು. ಎಲ್ಲರೂ ಹೊಟ್ಟೆತುಂಬ ನಕ್ಕೆವು. ಮಲೆನಾಡಿನ ಆಷಾಢದಲ್ಲಿ ಛಾವಣಿಯ ಮೇಲಿನ ಕಲೆಗೆ ಬೇರೆ ಅರ್ಥ ಯಾರಿಗೆ ಹೊಳೆದೀತು? ದನಿ ಸೇರಿಸಿ ತೋರಿಸಿದಾಗ ಇನ್ನೊಂದು ತೊಂದರೆ ಎದುರಾಯಿತು: ಚಿತ್ರ ತೋರಿಸುತ್ತಿರುವುದನ್ನೇ ಮಾತೂ ವಿವರಿಸುತ್ತಿತ್ತು. ನಮ್ಮಲ್ಲಿ ತಾಳಮದ್ದಲೆಯ ಅರ್ಥಧಾರಿಯೊಬ್ಬರಿದ್ದಾರೆ. ‘ಪದ್ಯದಲ್ಲಿ ಬಂದದ್ದನ್ನೇ ಅರ್ಥದಲ್ಲೂ ಹೇಳಿದರೆ ಸಭೆ ಎದ್ದು ಹೋಗ್ತದೆ’ ಎಂದು ಅವರು ಹೇಳಿದ ಮಾತು ಸರಿಯಾಗಿತ್ತು.

ಹಿಂದಿನವರು ಏನು ಮಾಡಿದ್ದಾರೆಂದು ನೋಡಿದೆವು. 1990ರ ಚಲನಚಿತ್ರಕ್ಕೆ ಹೆರಾಲ್ಡ್ ಪಿಂಟರ್ ಚಿತ್ರಕಥೆ ಬರೆದಿದ್ದರು. ಅಲ್ಲಿ ಒಳದನಿಯನ್ನು ಬಹುಮಟ್ಟಿಗೆ ಕೈಬಿಟ್ಟದ್ದರಿಂದ ನಾಯಕಿ ತನ್ನದೇ ಕಥೆಯಲ್ಲಿ ದೂರ ನಿಂತವಳಂತೆ ನನಗೆ ಕಾಣುತ್ತಾಳೆ. 2017ರಲ್ಲಿ ಹುಲು ಎಂಬ ಆನ್‌ಲೈನ್ ವೇದಿಕೆಯಲ್ಲಿ ಆರಂಭವಾದ ಸರಣಿಯ ಮೊದಲ ಮೂರು ಕಂತುಗಳನ್ನು ನಿರ್ದೇಶಿಸಿದ ರೀಡ್ ಮೊರಾನೊ, ದನಿಯನ್ನು ಉಳಿಸಿಕೊಂಡು, ಕ್ಯಾಮೆರಾವನ್ನು ನಾಯಕಿಯ ಪಾತ್ರ ಮಾಡಿದ ಎಲಿಸಬೆತ್ ಮಾಸ್ ಅವರ ಮುಖಕ್ಕೆ ತೀರ ಹತ್ತಿರ ಒಯ್ದರು. ಮುಖ ಒಂದನ್ನು, ದನಿ ಇನ್ನೊಂದನ್ನು ಹೇಳುವುದರಿಂದ ಅಲ್ಲಿ ಪುನರುಕ್ತಿಯಾಗುವುದಿಲ್ಲ. ಅದು ಅದ್ಭುತವಾದ ದಾರಿ. ಆದರೆ ಹಾಗೆ ಒಂದು ಮುಖದ ಮೇಲೆ ಇಡೀ ಕಂತನ್ನು ನಿಲ್ಲಿಸಲು ಅಂಥ ನಟಿಯೇ ಬೇಕು.

ನಮಗೆ ದಾರಿ ತೋರಿಸಿದ್ದು ಕಾದಂಬರಿಯ ಕೊನೆಯ ಭಾಗ. 2195ರಲ್ಲಿ ನಡೆಯುವ ವಿದ್ವಾಂಸರ ಗೋಷ್ಠಿಯಲ್ಲಿ, ನಾವು ಅಷ್ಟು ಹೊತ್ತು ಓದಿದ್ದು ಕ್ಯಾಸೆಟ್ಟುಗಳಿಂದ ಬರೆದುಕೊಂಡದ್ದೆಂದು ತಿಳಿಯುತ್ತದೆ. ಸುಮಾರು ಮೂವತ್ತು ಕ್ಯಾಸೆಟ್ಟುಗಳು. ಪ್ರತಿಯೊಂದರ ಆರಂಭದಲ್ಲಿ ಕಣ್ಣು ತಪ್ಪಿಸಲು ಎರಡು ಮೂರು ಹಾಡು, ಆಮೇಲೆ ಅವಳ ದನಿ. ಅವುಗಳಿಗೆ ಕ್ರಮಸಂಖ್ಯೆಯಿಲ್ಲ, ಜೋಡಿಸಿದ ಕ್ರಮ ವಿದ್ವಾಂಸರ ಊಹೆ. ಅಂದರೆ ಆ ದನಿ ಕೋಣೆಯಲ್ಲಿ ಕುಳಿತವಳದ್ದಲ್ಲ, ಅಲ್ಲಿಂದ ಹೊರಬಿದ್ದ ಮೇಲೆ ಇನ್ನೆಲ್ಲೋ ಅಡಗಿ ಮಾತಾಡುವವಳದ್ದು. ಚಿತ್ರದ ಕಾಲ ಬೇರೆ, ದನಿಯ ಕಾಲ ಬೇರೆ! ಸರಣಿ 2025ರ ತನ್ನ ಕೊನೆಯ ಕಂತಿನಲ್ಲಿ ಅವಳು ಧ್ವನಿಮುದ್ರಣಕ್ಕೆ ಕೂರುವುದನ್ನು ತೋರಿಸುತ್ತದೆ. ನಾವು ಅದನ್ನು ಮೊದಲ ನಿಮಿಷಕ್ಕೇ ತಂದೆವು. ಕಪ್ಪು ತೆರೆ, ಗುಂಡಿ ಒತ್ತಿದ ಸದ್ದು, ಅರ್ಧ ಹಾಡು, ನಂತರ ಅವಳು. ಹಿಂದಿನ ಬದುಕಿನ ನೆನಪು ಬಂದಾಗ ಕ್ಯಾಸೆಟ್ ತಿರುವಿ ಹಾಕುವ ಸದ್ದು. ಈಗ ಛಾವಣಿಯನ್ನು ಅವಳು ವರ್ಣಿಸುವುದಿಲ್ಲ. ಅದನ್ನು ನೆನೆದು ಮಾತು ತಡೆಯುತ್ತಾಳೆ, ಮತ್ತೆ ಮುಂದುವರಿಸುತ್ತಾಳೆ. ಅತ್ತೆಯವರು ಈ ಸಲ ಏನನ್ನೂ ಕೇಳಲಿಲ್ಲ. ಆ ಜಾಗ ಬಂದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

ದನಿಯನ್ನು ಫೋನಿನಲ್ಲಿ ಹಿಡಿದು ಆಮೇಲೆ ಕರಕರ ಸೇರಿಸಿದರೆ ಸುಳ್ಳು ತಕ್ಷಣ ಕೇಳಿಸುತ್ತದೆ. ಆದ್ದರಿಂದ ಅಟ್ಟದ ಮೇಲಿದ್ದ ಟೇಪ್ ರೆಕಾರ್ಡರನ್ನು ಕೆಳಗಿಳಿಸಿದೆವು. ಅದರ ಚಕ್ರ ತಿರುಗಿಸಲು ಚೌಕ ರಬ್ಬರ್ ಬೆಲ್ಟ್ ಬೇಕು. ಚಿತ್ರ, ಅಳತೆ ಎಲ್ಲ ಕಳಿಸಿದರೂ ಬಿಡಿಭಾಗದ ವ್ಯಾಪಾರಿ ಮತ್ತೆ ಮತ್ತೆ ಚಪ್ಪಟೆ ಬೆಲ್ಟನ್ನೇ ಕಳಿಸಿದರು. ಖಾಲಿ ಎಂದು ಮಾರಿದ ಇನ್ನೊಬ್ಬರ ಕ್ಯಾಸೆಟ್ಟುಗಳ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಹತ್ತಿತ್ತು. ಕೊನೆಗೆ ಹಳೆಯ ಯಕ್ಷಗಾನದ ಕ್ಯಾಸೆಟ್ಟೊಂದರ ಹಿಂಬದಿಯಲ್ಲಿ ಮರುಮುದ್ರಣವನ್ನು ತಡೆಯುವ ಮುರಿದ ಕಿಂಡಿಗೆ ಅಂಟುಪಟ್ಟಿ ಹಚ್ಚಿ ಅದರ ಮೇಲೆಯೇ ಮುದ್ರಿಸಿದೆವು. ಅಳಿಸುವ ಹೆಡ್ ಸವೆದಿದ್ದರಿಂದ ನಮ್ಮ ನಟಿಯ ದನಿಯ ಅಡಿಯಲ್ಲಿ ಚಂಡೆ ಸಣ್ಣಗೆ ಉಳಿದುಕೊಂಡಿತು. ಕೇಳಲು ರೋಮಾಂಚನವಾಗುತ್ತದೆ, ಆದರೂ ಗಿಲಿಯಡ್ ಅಮೆರಿಕದ ನೆಲದಲ್ಲಿರುವುದರಿಂದ ಚಂಡೆಯನ್ನು ಉಳಿಸಿಕೊಳ್ಳುವುದು ನ್ಯಾಯವಲ್ಲ. ಅಂತಿಮ ಮುದ್ರಣಕ್ಕೆ ಪಿಟೀಲುಗಳ ವಾದ್ಯಸಂಗೀತದ ಕ್ಯಾಸೆಟ್ಟನ್ನು ಹುಡುಕುತ್ತಿದ್ದೇವೆ.

ಆ ಚಂಡೆ ವ್ಯರ್ಥವಾಗುವುದಿಲ್ಲ. ಮುಂದೆ ಬೇಗಂ ರೊಕೇಯಾ ಅವರ ‘ಸುಲ್ತಾನಾಸ್ ಡ್ರೀಮ್’ ಕೈಗೆತ್ತಿಕೊಳ್ಳುವ ಆಸೆಯಿದೆ. 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಬಂದ ಆ ಕಥೆಯಲ್ಲಿ ಗಂಡಸರು ಒಳಮನೆಯಲ್ಲಿದ್ದಾರೆ, ಹೆಂಗಸರು ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ, ದೇಶವನ್ನೂ ಆಳುತ್ತಾರೆ. ಲೇಖಕಿ 1932ರಲ್ಲೇ ತೀರಿಕೊಂಡದ್ದರಿಂದ ಹಕ್ಕಿನ ಅಡ್ಡಿಯಿಲ್ಲ. ಅದನ್ನು ನಮ್ಮ ನೆಲಕ್ಕೆ ತಂದು, ಚಂಡೆ ಬಾರಿಸಿ, ಕಾರವಾರದ ಕಡಲತೀರದಲ್ಲಿ ಎಲ್ಲರೆದುರು ತೋರಿಸಬಹುದು.

ಸದ್ಯ ಉಳಿದಿರುವುದು ಗೋಡೆಯ ದೃಶ್ಯ. ಶಿಕ್ಷೆಗೊಳಗಾದವರ ದೇಹಗಳನ್ನು ತೂಗುಹಾಕಿದ ಆ ಗೋಡೆಯ ಎದುರು ದನಿಯನ್ನು ಪೂರ್ತಿ ನಿಲ್ಲಿಸಿ, ಟೇಪ್ ಓಡುವ ಸದ್ದನ್ನಷ್ಟೇ ಬಿಡಬೇಕೆಂಬುದು ನನ್ನ ವಾದ. ಸಂಕಲನ ಮಾಡುವ ಗೆಳತಿ ಒಂದು ವಾಕ್ಯವಾದರೂ ಬೇಕೆನ್ನುತ್ತಾಳೆ. ಎರಡೂ ಬಗೆಯಲ್ಲಿ ಜೋಡಿಸಿ ನೋಡುತ್ತೇವೆ. ಅಷ್ಟರಲ್ಲಿ ಚೌಕ ಬೆಲ್ಟ್ ಸಿಗುವ ಅಂಗಡಿ ಹುಬ್ಬಳ್ಳಿಯಲ್ಲೋ ಕುಮಟಾದಲ್ಲೋ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಈಗಿರುವುದು ಜಾರುತ್ತಿದ್ದು, ಉದ್ದ ವಾಕ್ಯಗಳ ಕೊನೆಯಲ್ಲಿ ಅವಳ ದನಿ ಅಲುಗುತ್ತಿದೆ.